ದೋಸೆ ಮಾಮನ ಊರಿಗೆ ಹೋಗಿ ಬಂದದ್ದು

ಅವನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈತನಕ ಸಣ್ಣ ಸಣ್ಣ ಸುಟ್ಟ ಕಲೆಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕಂದು. ಎಣ್ಣೆ ಸಿಡಿದದ್ದು ಎಷ್ಟೋ, ಕಾವಲಿಯ ಅಂಚು ತಾಗಿದ್ದು ಎಷ್ಟೋ. ಆ ಕೈ ಹಿಟ್ಟಿನ ಸೌಟು ಹಿಡಿದರೆ ಮಾತ್ರ ಬಹಳ ಹಗುರಾಗಿ ಸುತ್ತುತ್ತಿತ್ತು. ಕಾವಲಿಗೆ ನೀರು ಚಿಮುಕಿಸಿ, ತಲೆಯನ್ನು ಎಡಕ್ಕೆ ವಾಲಿಸಿ, ಚುಂಯ್ ಎನ್ನುವ ಸದ್ದು ಕೇಳಿಸಿಕೊಂಡು, ಅದು ಒಪ್ಪಿಗೆಯಾದರೆ ಹಿಟ್ಟು ಹೊಯ್ಯುತ್ತಿದ್ದ. ಒಪ್ಪಿಗೆಯಾಗದಿದ್ದರೆ ಎಷ್ಟು ಜನ ಕಾದಿದ್ದರೂ ಹೊಯ್ಯುತ್ತಿರಲಿಲ್ಲ.

ಅವನು ದೋಸೆ ಹಾಕುತ್ತಿದ್ದ ಹೋಟೆಲು ಅಮೆರಿಕದಲ್ಲಿ, ಮಾನ್ಮತ್ ಜಂಕ್ಷನ್ ಹತ್ತಿರ ರೂಟ್ ಟ್ವೆಂಟಿಸೆವೆನ್ ಪಕ್ಕದ ಸ್ಟ್ರಿಪ್ ಮಾಲ್ ಒಂದರಲ್ಲಿತ್ತು. ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಉಗುರಿಗೆ ಬಣ್ಣ ಹಚ್ಚುವ ಅಂಗಡಿ. ಮಾಲೀಕರು ಕುಂದಾಪುರದ ಕಡೆಯವರು. ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳು ಕೆಡುತ್ತವೆಂಬ ವೈಟೂಕೆ ಭಯದಲ್ಲಿ ಇಡೀ ಜಗತ್ತು ಪ್ರೋಗ್ರಾಮರುಗಳನ್ನು ಹುಡುಕುತ್ತಿದ್ದ ಕಾಲ. ಎರಡಂಕಿಯ ವರ್ಷಗಳನ್ನು ನಾಲ್ಕಂಕಿ ಮಾಡುವ ಕೆಲಸಕ್ಕೆ ನನ್ನನ್ನು ಕರೆಸಿಕೊಂಡಿದ್ದರು. ನನ್ನ ಗಂಡನ ಪ್ರಾಜೆಕ್ಟು ಒಹಾಯೋದಲ್ಲಿ. ಸೋಮವಾರ ಬೆಳಿಗ್ಗೆ ನ್ಯೂವಾರ್ಕಿನಿಂದ ವಿಮಾನ ಹತ್ತಿದರೆ ಗುರುವಾರ ಸಂಜೆಯೇ ಮನೆ. ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ವಾರದ ಮುಕ್ಕಾಲು ಪಾಲು ನಾನು ಮತ್ತು ಐದು ವರ್ಷದ ಮಗಳು, ಇಬ್ಬರೇ.

ಹೋಟೆಲಿನ ಅಡಿಗೆಮನೆಗೆ ಗೋಡೆಯಿರಲಿಲ್ಲ. ಕೌಂಟರ್ ಆಚೆ ದೋಸೆ ಹಾಕುವವನು ಕಾಣುತ್ತಿದ್ದ. ಗಿಡ್ಡ ಆಳು, ಅಗಲ ಎದೆ, ನೇರವಾದ ಕಪ್ಪು ಕೂದಲು, ನಮ್ಮ ಕಡೆಯದೇ ಬಣ್ಣ. ಮೊದಲ ದಿನ ನಾನು ನೇರ ಕನ್ನಡದಲ್ಲೇ, "ಒಂದು ಸಾದಾ ದೋಸೆ, ಗರಿಗರಿ ಇರಲಿ" ಅಂದೆ.

"ಆಯ್ತು ಅಕ್ಕ, ಕೂತ್ಕೊಳ್ಳಿ. ಚಟ್ನಿ ಉಂಟು, ಸಾಂಬಾರ್ ಸ್ವಲ್ಪ ಲೇಟ್" ಅಂದ.

ಮೂರನೇ ಸಲ ಹೋದಾಗ ಯಾವ ಊರು ಎಂದು ಕೇಳಿದೆ. ಏನೋ ಒಂದು ಹೆಸರು ಹೇಳಿದ. ನಾನು ಗದಗಿನ ಕಡೆಯವಳು, ಕರಾವಳಿಯ ಊರುಗಳ ಹೆಸರು ಅಷ್ಟಾಗಿ ಗೊತ್ತಿಲ್ಲ. "ಅದು ಕಾರ್ಕಳದ ಹತ್ತಿರ ಬರ್ತದೇನು?" ಅಂದೆ. ಗಲ್ಲಾದಲ್ಲಿದ್ದ ಮಾಲೀಕರು ಬಿದ್ದು ಬಿದ್ದು ನಕ್ಕರು. "ಕಾರ್ಕಳ ಅಲ್ಲ ಮಾರಾಯ್ರೆ, ಮೆಕ್ಸಿಕೋ! ಪಾತ್ರೆ ತೊಳೀಲಿಕ್ಕೆ ಬಂದವ. ನಮ್ಮ ಭಟ್ರು ದೋಸೆ ಕಲಿಸಿದ್ರು, ಜೊತೆಗೆ ಕನ್ನಡವೂ ಬಂತು. ಈಗ ಭಟ್ರಿಗಿಂತ ಇವನ ದೋಸೆಯೇ ಚಂದ."

ಅವನು ನಾಚಿಕೊಂಡು ಕಾವಲಿ ಒರೆಸತೊಡಗಿದ. ಸ್ಪ್ಯಾನಿಷ್ ಕೂಡ ಅವನ ಮನೆಮಾತಲ್ಲ ಎಂಬುದು ಆಮೇಲೆ ತಿಳಿಯಿತು. ಮನೆಯಲ್ಲಿ ಆಡುವುದು ಮಾಯಾ ಭಾಷೆ. ಕಾಡಿನ ನಡುವೆ ಮಾಯಾ ಜನ ಕಟ್ಟಿದ್ದ ಹಾಳೂರು ಕೋಬಾ, ಅದರಿಂದ ಸ್ವಲ್ಪ ದೂರದಲ್ಲಿ ಅವನ ಹಳ್ಳಿ. ನನ್ನನ್ನು ಅಕ್ಕ ಅನ್ನುತ್ತಿದ್ದನಾದ್ದರಿಂದ ಮಗಳಿಗೆ ಅವನು ಮಾಮನಾದ. ದೋಸೆ ಮಾಮ.

ಶನಿವಾರ ನಾವು ಹೋದರೆ ಅವಳಿಗೆಂದು ಮೊಲದ ಕಿವಿಯಿರುವ ಪುಟ್ಟ ದೋಸೆ ಬರುತ್ತಿತ್ತು. ಅವಳು ಇಂಗ್ಲಿಷಿನಲ್ಲಿ ಹರಟುತ್ತಿದ್ದಳು, ಅವನು ಕುಂದಾಪುರದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ನನಗೆ ನಗು. ನಮ್ಮ ಮನೆಯ ಮಗುವಿಗಿಂತ ಅವನಿಗೇ ಕನ್ನಡ ಚೆನ್ನಾಗಿ ಬರುತ್ತಿತ್ತು.

ಒಮ್ಮೆ ಮನೆಯಲ್ಲಿ ಮಾಡಿದ ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅವನಿಗೆ ಒಯ್ದು ಕೊಟ್ಟೆ. ಬಟ್ಟೆ ಬಿಚ್ಚಿ ಮೂಸಿ ನೋಡಿದ. "ಕೈಯಲ್ಲಿ ತಟ್ಟಿದ್ದಾ?" ಅಂದ. ಹೌದೆಂದೆ. ಅವನು ಎರಡೂ ಅಂಗೈ ಸೇರಿಸಿ ಪಟ್ ಪಟ್ ಎಂದು ತಟ್ಟಿ ತೋರಿಸಿದ. ಅವನ ಅಮ್ಮನೂ ಗೋವಿನಜೋಳದ ರೊಟ್ಟಿಯನ್ನು ಹಾಗೇ ತಟ್ಟುತ್ತಿದ್ದಳಂತೆ. ಅವರ ರೊಟ್ಟಿ ಚಿಕ್ಕದು, ನಮ್ಮದು ದೊಡ್ಡದು, ಅಷ್ಟೇ ವ್ಯತ್ಯಾಸ. ಅರ್ಧ ರೊಟ್ಟಿಯನ್ನು ಏನೂ ಹಚ್ಚಿಕೊಳ್ಳದೆ ನಿಂತುಕೊಂಡೇ ತಿಂದ. ಉಳಿದದ್ದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. "ಎಂಟು ವರ್ಷ ಆಯ್ತು ಅಕ್ಕ" ಅಂದ.

ಅವನ ಬಳಿ ಕಾಗದಪತ್ರಗಳಿರಲಿಲ್ಲ. ಮರುಭೂಮಿ ದಾಟಿ ಬಂದವನು. ಊರಿಗೆ ಹೋದರೆ ತಿರುಗಿ ಬರಲು ಮತ್ತೆ ಅದೇ ದಾರಿ. ಇದನ್ನು ಅವನು ಹೇಳಲಿಲ್ಲ, ಮಾಲೀಕರು ಹೇಳಿದರು. ರಸ್ತೆಯಲ್ಲಿ ಪೊಲೀಸ್ ಕಾರು ಕಂಡರೆ ಅವನು ಸೈಕಲ್ಲಿನಿಂದ ಇಳಿದು ಪಕ್ಕದ ಯಾವುದಾದರೂ ಅಂಗಡಿಯೊಳಗೆ ಹೋಗಿ ನಿಲ್ಲುತ್ತಿದ್ದುದನ್ನು ನಾನೇ ಎರಡು ಸಲ ನೋಡಿದ್ದೆ.

ಹಾಗಿದ್ದವನು ಆ ಚಳಿಗಾಲದಲ್ಲಿ ಮಾಡಿದ್ದನ್ನು ಈಗ ಹೇಳಬೇಕು.

ಬುಧವಾರ. ಬೆಳಗಿನಿಂದ ಹಿಮ ಬಿದ್ದು ಶಾಲೆಗೂ ಆಫೀಸಿಗೂ ರಜೆ. ನನಗೆ ಹೊಟ್ಟೆನೋವು. ಆ್ಯಸಿಡಿಟಿ ಇರಬೇಕೆಂದು ಮಾತ್ರೆ ನುಂಗಿ ಮಲಗಿದೆ. ಮಧ್ಯಾಹ್ನದ ಹೊತ್ತಿಗೆ ಎದ್ದು ನಿಂತು ಮಗಳಿಗೆ ಅನ್ನ ಮಾಡಲೂ ಆಗಲಿಲ್ಲ. ಹೋಟೆಲಿಗೆ ಫೋನ್ ಮಾಡಿದೆ. "ಸ್ವಲ್ಪ ಮೊಸರನ್ನ ಯಾರ ಕೈಲಾದರೂ ಕಳಿಸ್ತೀರಾ?" ಅಂದೆ. ಈ ಹಿಮದಲ್ಲಿ ಕಾರು ತೆಗೆಯುವ ಹಾಗಿಲ್ಲ ಎಂದು ಮಾಲೀಕರು ಬೇಜಾರು ಮಾಡಿಕೊಂಡರು. ನನ್ನ ದನಿ ಸರಿಯಿಲ್ಲ ಎಂದು ಅವರು ಆಡಿದ ಮಾತು ಕಾವಲಿಯ ಮುಂದಿದ್ದವನ ಕಿವಿಗೆ ಬಿದ್ದಿತ್ತು. ಅವನು ಮೊಸರನ್ನದ ಡಬ್ಬಿಯನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡು ಮೂರು ಮೈಲಿ ನಡೆದು ಬಂದ. ಮಗಳು ಬಾಗಿಲು ತೆರೆದಾಗ ನಾನು ಬಾತ್‌ರೂಮಿನ ನೆಲದ ಮೇಲೆ ಬಿದ್ದಿದ್ದೆ.

ನೈನ್ ಒನ್ ಒನ್ ಒತ್ತಿದರೆ ಆಂಬುಲೆನ್ಸಿಗಿಂತ ಮೊದಲು ಪೊಲೀಸ್ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಒತ್ತಿದ. ಪೊಲೀಸಿನವನಿಗೆ ಬಾಗಿಲು ತೆರೆದವನೂ ಅವನೇ. ನನ್ನನ್ನು ಸ್ಟ್ರೆಚರಿಗೆ ಹಾಕುವಾಗ ಪೊಲೀಸಿನವನು, ಮಗುವನ್ನು ಯಾರ ಜೊತೆ ಬಿಡುತ್ತೀರಿ, ಈತ ಯಾರು ಎಂದು ಕೇಳಿದ. "ಮೈ ಬ್ರದರ್" ಅಂದೆ. ಪೊಲೀಸಿನವನು ಇಬ್ಬರ ಮುಖವನ್ನೂ ನೋಡಿ ತಲೆಯಾಡಿಸಿದ.

ಬಸಿರು ಗರ್ಭಕೋಶದಲ್ಲಿ ನಿಲ್ಲದೆ ಪಕ್ಕದ ನಳಿಕೆಯಲ್ಲಿ ನಿಂತು ಒಡೆದಿತ್ತು. ಬಸಿರೆಂದು ನನಗೇ ತಿಳಿದಿರಲಿಲ್ಲ. ಇನ್ನೊಂದು ಗಂಟೆ ತಡವಾಗಿದ್ದರೆ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ವಿಮಾನಗಳು ನಿಂತುಹೋಗಿ ಗಂಡ ಮನೆ ತಲುಪಿದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ದೋಸೆ ಮಾಮ ಮಗಳನ್ನು ನೋಡಿಕೊಂಡಿದ್ದ. ನನ್ನ ಗಂಡ ಒಳಗೆ ಬಂದಾಗ ಅವಳು ಸೋಫಾದಲ್ಲಿ ಮಲಗಿದ್ದಳಂತೆ, ಅವನು ಬಾಗಿಲ ಬಳಿ ನೆಲದಲ್ಲಿ ಕೂತಿದ್ದನಂತೆ. ಬೂಟು ಬಿಚ್ಚಿ ಹೊರಗಿಟ್ಟಿದ್ದ. ಆ ಮನೆಯಲ್ಲಿ ಅವನು ಒಂದು ಕುರ್ಚಿಯ ಮೇಲೂ ಕೂತಿರಲಿಲ್ಲ ಎಂದು ಮಗಳು ಆಮೇಲೆ ಹೇಳಿದಳು.

ಮುಂದಿನ ವರ್ಷ ಮಾರ್ಚಿನಲ್ಲಿ ನಾವು ಮೆಕ್ಸಿಕೋದ ಕ್ಯಾಂಕೂನಿಗೆ ಹೋಗುವುದೆಂದು ತೀರ್ಮಾನವಾಯಿತು. ಗಂಡ ನ್ಯೂಯಾರ್ಕಿನಲ್ಲಿ ಅರ್ಧ ದಿನ ಕ್ಯೂ ನಿಂತು ಮೆಕ್ಸಿಕೋ ವೀಸಾ ತಂದ. ಒಂದು ದಿನದ ಗೈಡೆಡ್ ಟೂರ್ ಇತ್ತು. ಬೆಳಿಗ್ಗೆ ಬಸ್ಸಿನಲ್ಲಿ ಕರೆದೊಯ್ದು, ಕೋಬಾದ ಹಾಳೂರು ತೋರಿಸಿ, ಊಟ ಹಾಕಿಸಿ, ಸೆನೋಟೆಯಲ್ಲಿ ಈಜಲು ಬಿಟ್ಟು ಸಂಜೆಗೆ ವಾಪಸು. ಆ ಕಡೆ ನದಿಗಳಿಲ್ಲ. ಸುಣ್ಣಕಲ್ಲಿನ ನೆಲ ಅಲ್ಲಲ್ಲಿ ಕುಸಿದು ತಾನಾಗಿ ಆದ ದೊಡ್ಡ ಬಾವಿಗಳಿವೆ. ಅವೇ ಸೆನೋಟೆ. ಟೂರಿನ ಹಾಳೆ ತೋರಿಸಿದಾಗ ದೋಸೆ ಮಾಮ ಕೈ ಒರೆಸಿಕೊಂಡು ಚಿತ್ರದ ಮೇಲೆ ಬೆರಳಿಟ್ಟ. "ಇದು ನಮ್ಮೂರ ಬಾವಿ ಅಕ್ಕ. ನಮ್ಮ ಮನೆಯಿಂದ ಕೂಗಿದ್ರೆ ಕೇಳ್ತದೆ."

ಅವನ ಅಕ್ಕ ಅದೇ ಬಾವಿಯ ಬಳಿ ಕಸೂತಿ ಹಾಕಿದ ಬಟ್ಟೆ ಮಾರುತ್ತಿದ್ದಳು. ಹಳ್ಳಿಯಲ್ಲಿ ಒಂದೇ ಫೋನು, ಅಂಗಡಿಯಲ್ಲಿ. ಪ್ರತಿ ಭಾನುವಾರ ಇವನು ಮಾಡುತ್ತಿದ್ದ, ಅಮ್ಮ ಮತ್ತು ಅಕ್ಕ ಬಂದು ಮಾತಾಡುತ್ತಿದ್ದರು. ಈಗ ಐದು ತಿಂಗಳಿಂದ ಅಕ್ಕ ಮಾತ್ರ ಬರುತ್ತಿದ್ದಳು. ಅಮ್ಮನಿಗೆ ಕಿವಿ ಮಂದವಾಗಿದೆ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಅದಕ್ಕೇ ಬರುವುದಿಲ್ಲ ಅನ್ನುತ್ತಿದ್ದಳು. ಅವನು ಔಷಧಿ ಅಂಗಡಿಯಿಂದ ಕಿವಿಗೆ ಹಾಕುವ ಯಂತ್ರವೊಂದನ್ನು ತಂದು, ಜೊತೆಗೆ ಎರಡು ಸೆಟ್ ಬ್ಯಾಟರಿಯಿಟ್ಟು ನನ್ನ ಕೈಗೆ ಕೊಟ್ಟ.

"ನೀವೇ ಹಾಕಿ ತೋರಿಸಿ ಅಕ್ಕ. ಅವಳ ಜೊತೆ ಒಂದು ಫೋಟೋ ತೆಗೀರಿ" ಅಂದ. ಮಗಳ ಕಡೆ ತಿರುಗಿ, "ಬಾವಿಯ ಮೂರನೇ ಮೆಟ್ಟಿಲಿಂದ ಹಾರು. ಎರಡನೇದರ ಕೆಳಗೆ ಕಲ್ಲು ಉಂಟು" ಅಂದ.

ಗೈಡು ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಅಂಗಿ, ಹುಲ್ಲಿನ ಟೊಪ್ಪಿಗೆ. ಅವನೂ ಮಾಯಾ ಮಾತಿನವನೇ. ಬಸ್ಸಿನಲ್ಲಿ ಮೈಕು ಹಿಡಿದು ರಾಜರ ಕತೆ, ಪಂಚಾಂಗದ ಲೆಕ್ಕ, ಚೆಂಡಾಟದ ಅಂಗಳ ಎಲ್ಲ ಹೇಳಿದ. ಹಾಳೂರಿನಲ್ಲಿ ಕಾಡಿನ ನಡುವೆ ಕಲ್ಲಿನ ಗುಡ್ಡದಂತೆ ನಿಂತ ಗೋಪುರ. ನೂರಿಪ್ಪತ್ತು ಮೆಟ್ಟಿಲು, ನಡುವೆ ಹಿಡಿದುಕೊಳ್ಳಲು ಹಗ್ಗ. ಆಪರೇಷನ್ ಆಗಿ ವರ್ಷ ಕಳೆದಿದ್ದರೂ ನನಗೆ ಹತ್ತುವ ಧೈರ್ಯವಿರಲಿಲ್ಲ. ಆದರೆ ತುದಿಯಿಂದ ತಮ್ಮೂರ ಒಲೆಯ ಹೊಗೆ ಕಾಣುತ್ತದೆ ಎಂದು ದೋಸೆ ಮಾಮ ಹೇಳಿದ್ದ. ಕೂತು ಕೂತು ಹತ್ತಿದೆ. ಮೇಲೆ ನಿಂತರೆ ಆಕಾಶದ ಅಂಚಿನತನಕ ಸಮತಟ್ಟಾದ ಹಸಿರು. ಅದರ ನಡುವೆ ಒಂದು ಕಡೆ ನಾಲ್ಕೈದು ಎಳೆ ಹೊಗೆ. ಅವುಗಳಲ್ಲಿ ಒಂದು ಆ ತಾಯಿಯ ಒಲೆಯದಿರಬೇಕೆಂದುಕೊಂಡು ಫೋಟೋ ತೆಗೆದೆ.

ಕೆಳಗಿಳಿದ ಮೇಲೆ ಗೈಡಿಗೆ ದೋಸೆ ಮಾಮನ ಫೋಟೋ ತೋರಿಸಿ, ಇವನ ತಾಯಿಯನ್ನು ನೋಡಬೇಕು, ಮನೆ ತೋರಿಸುತ್ತೀರಾ ಎಂದು ಕೇಳಿದೆ. ಅಷ್ಟು ಹೊತ್ತೂ ಬಿಡುವಿಲ್ಲದೆ ಮಾತಾಡುತ್ತಿದ್ದ ಮನುಷ್ಯ ಫೋಟೋವನ್ನು ಕೈಗೆ ತೆಗೆದುಕೊಂಡು ನೋಡಿದ. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ.

"ಸೆನೋಟೆಯ ಹತ್ತಿರ ಇವನ ಅಕ್ಕ ಇರುತ್ತಾಳೆ, ಮೇಡಂ. ಅವಳ ಹತ್ತಿರ ಮಾತಾಡಿ. ನಾನು ಜೊತೆಗೆ ಬರುತ್ತೇನೆ."

ಬಾವಿಗೆ ತಲುಪಿದಾಗ ಎಲ್ಲರಿಗೂ ನಲವತ್ತು ನಿಮಿಷ ಕೊಟ್ಟರು. ಗಂಡ ಮತ್ತು ಮಗಳು ಲೈಫ್ ಜಾಕೆಟ್ ಹಾಕಿಕೊಂಡು ಮರದ ಮೆಟ್ಟಿಲಿಳಿದು ಹೋದರು. ಮೇಲಿನಿಂದ ಬಗ್ಗಿ ನೋಡಿದರೆ ಕೆಳಗೆ ದುಂಡನೆಯ ನೀಲಿ ನೀರು, ಮರದ ಬೇರುಗಳು ಜಡೆಯಂತೆ ನೀರಿನ ತನಕ ಇಳಿಬಿದ್ದಿದ್ದವು. ತಗಡಿನ ಮಾಡಿನ ಕೆಳಗೆ, ತೂಗುಹಾಕಿದ ಕಸೂತಿ ಬಟ್ಟೆಗಳ ಪಕ್ಕ, ಅವನ ಅಕ್ಕ ಸಣ್ಣ ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಕೂತಿದ್ದಳು. ಮುಖ ನೋಡಿದ ಕೂಡಲೇ ಗೊತ್ತಾಯಿತು, ಅದೇ ಅಗಲ ಕೆನ್ನೆ. ಗೈಡು ಮಾಯಾ ಮಾತಿನಲ್ಲಿ ನಾನು ಯಾರೆಂದು ಹೇಳಿದ. ಅವಳು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡಳು. ಬಿಸಿ ರೊಟ್ಟಿಗೆ ಉಪ್ಪು ಹಾಕಿ ಎರಡು ಕೊಟ್ಟಳು. ನಾನು ತಿಂದೆ. ಆಮೇಲೆ ಚೀಲದಿಂದ ಕಿವಿಯ ಯಂತ್ರದ ಡಬ್ಬಿ ತೆಗೆದು, "ಅಮ್ಮ ಎಲ್ಲಿ?" ಅಂದೆ.

ಡಬ್ಬಿಯಲ್ಲಿ ಏನಿದೆ ಎಂದು ಗೈಡು ಅವಳಿಗೆ ವಿವರಿಸಿದ. ಅವಳು ಡಬ್ಬಿಯನ್ನು ತೆರೆದು ನೋಡಿದಳು, ಮುಚ್ಚಿದಳು, ಸೆರಗಿನಂತೆ ಹೊದ್ದಿದ್ದ ಬಟ್ಟೆಯಿಂದ ಮುಖ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು.

ತಾಯಿ ತೀರಿಕೊಂಡು ಐದು ತಿಂಗಳಾಗಿತ್ತು. ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿದ್ದಳು.

ಅವಳು ಹೇಳಿದ್ದನ್ನು ಗೈಡು ತುಂಡು ತುಂಡಾಗಿ ಇಂಗ್ಲಿಷಿಗೆ ತಂದ. ಅವರಿಗೆ ಒಬ್ಬ ಅಣ್ಣನೂ ಇದ್ದ. ಅವನೂ ಅಮೆರಿಕದಲ್ಲಿದ್ದವನು. ತಂದೆ ಸತ್ತಾಗ ಮಣ್ಣಿಗೆಂದು ಬಂದ, ತಿರುಗಿ ಹೋಗುವಾಗ ಮರುಭೂಮಿಯಲ್ಲಿ ನೀರಿಲ್ಲದೆ ಸತ್ತ. ಅದಕ್ಕೇ ತಾಯಿ ಕೊನೆಯ ದಿನ ಮಗಳಿಂದ ಮಾತು ತೆಗೆದುಕೊಂಡಿದ್ದಳು. ಚಿಕ್ಕವನಿಗೆ ಹೇಳಬೇಡ. ಹೇಳಿದರೆ ಬರುತ್ತಾನೆ. ಬಂದರೆ ತಿರುಗಿ ಅದೇ ದಾರಿಯಲ್ಲಿ ಹೋಗುತ್ತಾನೆ.

"ನೀವೂ ಹೇಳಬಾರದು ಎನ್ನುತ್ತಿದ್ದಾಳೆ" ಅಂದ ಗೈಡು. "ಅಮ್ಮನನ್ನು ನೋಡಿದೆ, ಚೆನ್ನಾಗಿದ್ದಾಳೆ ಅನ್ನಬೇಕಂತೆ."

"ನಾನು ಹಾಗೆ ಹೇಳೋದು ಸರೀನಾ? ನೀವೇನು ಅನ್ನುತ್ತೀರಿ?" ಎಂದು ಅವನನ್ನೇ ಕೇಳಿದೆ.

"ನನ್ನನ್ನು ಕೇಳಬೇಡಿ ಮೇಡಂ. ನನ್ನ ಮಗನೂ ಅಲ್ಲೇ ಎಲ್ಲೋ ಹೋಟೆಲಿನಲ್ಲಿದ್ದಾನೆ."

ಉಳಿದ ಹತ್ತು ನಿಮಿಷದಲ್ಲಿ ಅವಳು ನನ್ನನ್ನು ಸ್ಮಶಾನಕ್ಕೆ ಕರೆದೊಯ್ದಳು. ಬಾವಿಯ ಹಿಂದೆಯೇ ಇತ್ತು. ಅಲ್ಲಿಯ ಸಮಾಧಿಗಳು ಮೊಣಕಾಲೆತ್ತರದ ಮನೆಗಳ ಹಾಗೆ, ಒಂದಕ್ಕೆ ಗುಲಾಬಿ ಬಣ್ಣ, ಒಂದಕ್ಕೆ ಹಸಿರು. ತಾಯಿಯದಕ್ಕೆ ತಿಳಿನೀಲಿ. ಒಳಗೆ ಒಂದು ಗಾಜಿನ ಲೋಟ, ಬಾಡಿದ ಚೆಂಡುಹೂವು. ಕೆಳಗಿನಿಂದ ಮಗಳು, "ಅಮ್ಮಾ, ಲುಕ್! ಐ ಜಂಪ್ಡ್ ಫ್ರಮ್ ದ ಥರ್ಡ್ ಸ್ಟೆಪ್!" ಎಂದು ಕೂಗುತ್ತಿದ್ದುದು ಅಲ್ಲಿಗೂ ಕೇಳಿಸಿತು. ನಾನು ಅವನ ಅಕ್ಕನಿಗೆ ಮಾತು ಕೊಟ್ಟೆ. ಬಸ್ಸು ಹತ್ತುವಾಗ ಗೈಡು ತನ್ನ ಫೋನ್ ನಂಬರು ಬರೆದುಕೊಟ್ಟ.

ಹೋಟೆಲ್ ರೂಮಿಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವನು, "ಕೇಳಿದ್ರ ಚೆಂದ ಅದಾಳ ಅನ್ನು, ಮುಗೀತು. ಹೆಚ್ಚಿಗಿ ಏನೂ ಹೇಳಬ್ಯಾಡ" ಅಂದ.

ಆ ಮಾತು ಕೇಳಬೇಕಿತ್ತು.

ಅಮೆರಿಕಕ್ಕೆ ಮರಳಿದ ಮೇಲೆ, ಶನಿವಾರ ದೋಸೆ ಹೋಟೆಲಿಗೆ ಹೋದೆವು. ದೋಸೆ ಮಾಮ ಕಾವಲಿಯನ್ನು ಭಟ್ಟರಿಗೆ ಒಪ್ಪಿಸಿ ಹೊಸ ಅಂಗಿ ಹಾಕಿಕೊಂಡು ನಮ್ಮ ಟೇಬಲ್ಲಿಗೆ ಬಂದ. "ಅಮ್ಮ ಹೇಗಿದ್ದಾಳೆ ಅಕ್ಕ?"

"ಚೆನ್ನಾಗಿದ್ದಾರೆ."

"ಯಂತ್ರ ಹಾಕಿದ್ರಾ? ಕೇಳಿಸ್ತಾ?"

"ಹ್ಞಾಂ, ಕೇಳಿಸ್ತು. ನಕ್ಕರು." ಫೋಟೋ ತೆಗೆಯುವಷ್ಟರಲ್ಲಿ ಕ್ಯಾಮೆರಾದ ರೋಲು ಮುಗಿದಿತ್ತು ಅಂದೆ. ಅವನು ಹೂಂ ಎಂದು ನನ್ನ ಮುಖವನ್ನೇ ನೋಡುತ್ತಿದ್ದ. ಆ ಕಣ್ಣು ನೋಡಲಾರದೆ, ಅವನಿಗೆ ಸಂತೋಷವಾಗಲಿ ಎಂದು, ಬಾಯಿಗೆ ಬಂದದ್ದನ್ನು ಸೇರಿಸಿದೆ. "ನನಗೆ ಅಂತ ತಾವೇ ರೊಟ್ಟಿ ತಟ್ಟಿ ಕೊಟ್ಟರು. ಬಿಸಿ ಬಿಸಿ, ಉಪ್ಪು ಹಾಕಿ."

ಅವನು ಟೇಬಲ್ಲಿನ ಮೇಲಿದ್ದ ನೀರಿನ ಲೋಟವನ್ನು ನನ್ನ ಕಡೆ ಸರಿಸಿದ. "ಎಷ್ಟು ತಿಂದ್ರಿ?" ಅಂದ.

"ಎರಡು."

"ಥ್ಯಾಂಕ್ಸ್ ಅಕ್ಕ" ಅಂದ. ಎದ್ದು ಹೋಗಿ ಭಟ್ಟರ ಕೈಯಿಂದ ಸೌಟು ತೆಗೆದುಕೊಂಡ. ಮಗಳಿಗೆ ಮೊಲದ ದೋಸೆ ಬಂತು, ನನಗೆ ಗರಿಗರಿ ದೋಸೆ ಬಂತು. ಕಷ್ಟದ ಕೆಲಸ ಮುಗಿಯಿತೆಂದು ನಾನು ಉಸಿರುಬಿಟ್ಟೆ.

ಮೂರು ವಾರ ಕಳೆಯಿತು. ಒಂದು ಸೋಮವಾರ, ಅವನ ರಜದ ದಿನ, ಸಂಜೆ ನಾನು ಆಫೀಸಿನಿಂದ ಬಂದಾಗ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಕರೆದರೆ ಬರಲಿಲ್ಲ. ನಾನೂ ಅಲ್ಲೇ ಕೂತೆ.

"ಅಮ್ಮ ಯಾವಾಗ ಹೋದಳು ಅಕ್ಕ?" ಅಂದ.

ಅವನೇ ಹೇಳಿದ. ಎರಡು ವರ್ಷದ ಹಿಂದೆ ಅಮ್ಮ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದಿತ್ತು. ಮೂಳೆ ಸರಿಯಾಗಿ ಕೂಡಲಿಲ್ಲ. ಆಮೇಲೆ ಅವಳು ಒಂದು ರೊಟ್ಟಿಯನ್ನೂ ತಟ್ಟಿರಲಿಲ್ಲ.

"ಹಾಗಾದರೆ ನಿನಗೆ ಆವತ್ತೇ ಗೊತ್ತಾಯ್ತಾ?"

"ನೀವು ರೊಟ್ಟಿ ಅಂದಾಗ."

"ಮತ್ತೆ ಯಾಕೆ ಕೇಳಲಿಲ್ಲ?"

"ಮಗು ಎದುರಿಗಿತ್ತು. ನೀವು ದೋಸೆ ತಿನ್ನಲಿಕ್ಕೆ ಬಂದವರು" ಅಂದ. ಆಮೇಲೆ, "ನೀವಾಗೇ ಹೇಳ್ತೀರಿ ಅಂತ ಕಾದೆ" ಅಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಮೂರು ಶನಿವಾರ ನಾನು ಅವನ ಮುಂದೆ ನಗುತ್ತ ಕೂತು ತಿಂದು ಬಂದಿದ್ದೆ. ಆ ಮೂರೂ ಶನಿವಾರ ಅವನು ತಾಯಿ ಸತ್ತದ್ದನ್ನು ಒಳಗಿಟ್ಟುಕೊಂಡು ನಮಗೆ ಬಡಿಸಿದ್ದ.

"ಈಗ ನೀವು ನೋಡಿದ್ದು ಹೇಳಿ" ಅಂದ. ಹೇಳಿದೆ. ಜ್ವರ, ನಾಲ್ಕು ದಿನ, ಅಣ್ಣನ ಮಾತು, ತಾಯಿ ತೆಗೆದುಕೊಂಡ ವಚನ. ತಿಳಿನೀಲಿ ಸಮಾಧಿ, ಗಾಜಿನ ಲೋಟ, ಚೆಂಡುಹೂವು. ಅವನು ಮತ್ತೆ ಮೊದಲಿನಿಂದ ಹೇಳಲು ಹೇಳಿದ. ಸಮಾಧಿಯ ಮುಖ ಯಾವ ಕಡೆಗಿದೆ ಎಂದು ಕೇಳಿದ. ಬಾವಿಯ ಕಡೆಗೆ ಅಂದೆ. ಆಗ ಅಳತೊಡಗಿದ. ಮೆಟ್ಟಿಲು ಹತ್ತಿ ಇಳಿಯುವವರು ನಮ್ಮನ್ನು ಬಳಸಿಕೊಂಡು ಹೋದರು. ಕೆಳಗಿನ ಮನೆಯ ಆಂಟಿ ಬಾಗಿಲು ತೆರೆದು ನೋಡಿ, ನೀರು ತಂದಿಟ್ಟು, ಏನೂ ಕೇಳದೆ ಒಳಗೆ ಹೋದರು.

"ಹೋಗ್ತೀಯಾ?" ಎಂದು ಕೇಳಿದೆ.

"ಇಲ್ಲ. ಅವಳು ಬೇಡ ಅಂದಿದ್ದಾಳಲ್ಲ." ಮುಖ ಒರೆಸಿಕೊಂಡು ಎದ್ದ. "ಅಕ್ಕನಿಗೆ ನನಗೆ ಗೊತ್ತು ಅಂತ ಹೇಳಬೇಡಿ. ಅಮ್ಮನಿಗೆ ಮಾತು ಕೊಟ್ಟವಳು ಅವಳು. ತಪ್ಪಿತು ಅಂತ ಅವಳಿಗೆ ಆಗಬಾರದು."

ಆಮೇಲಿನ ಭಾನುವಾರಗಳಲ್ಲೂ ಅವನು ಊರಿಗೆ ಫೋನ್ ಮಾಡುತ್ತಿದ್ದ. ಒಂದು ಸಲ ಲಾಂಡ್ರಿ ಹೊರಗಿನ ಪಬ್ಲಿಕ್ ಫೋನಿನಲ್ಲಿ ಅವನು ಮಾತಾಡುವಾಗ ನಾನು ಪಕ್ಕದಲ್ಲಿದ್ದೆ. ಮಾಯಾ ಮಾತು ನನಗೆ ತಿಳಿಯದು. ಫೋನಿಟ್ಟ ಮೇಲೆ ಅವನೇ ಹೇಳಿದ. "ಬ್ಯಾಟರಿ ಮುಗಿದು ಅಮ್ಮನಿಗೆ ಕೇಳಿಸ್ತಾ ಇಲ್ಲ ಅಂತಾಳೆ. ಬೇರೆ ಕಳಿಸ್ತೇನೆ ಅಂದೆ." ಕಳಿಸಿದ ಕೂಡ. ನಾನೇ ಪೋಸ್ಟ್ ಆಫೀಸಿಗೆ ಒಯ್ದು ಹಾಕಿದೆ.

ಅಷ್ಟರಲ್ಲಿ ಐಟಿಯ ಗಾಳಿ ತಿರುಗಿತ್ತು. ನಮ್ಮ ಕಾಂಪ್ಲೆಕ್ಸಿನಲ್ಲಿ ತಿಂಗಳಿಗೆ ಎರಡು ಮೂರು ಮನೆ ಖಾಲಿಯಾಗುತ್ತಿದ್ದವು. ಗಂಡನ ಪ್ರಾಜೆಕ್ಟು ನಿಂತು ಅವನು ಮನೆಯಲ್ಲಿದ್ದ. ಹೋಟೆಲಿನಲ್ಲೂ ಜನ ಕಮ್ಮಿಯಾಗಿ ದೋಸೆ ಮಾಮ ಸಂಜೆ ಇನ್ನೊಂದು ಕಡೆ ಪಾತ್ರೆ ತೊಳೆಯಲು ಹೋಗುತ್ತಿದ್ದ. ನವೆಂಬರಿನ ಒಂದು ಸಂಜೆ, ಮಳೆಯಲ್ಲಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಕಾರೊಂದು ಹಿಂದಿನಿಂದ ಬಡಿಯಿತು. ಆಸ್ಪತ್ರೆ ತಲುಪುವ ಮೊದಲೇ ಹೋಗಿದ್ದ. ಜೇಬಿನಲ್ಲಿದ್ದ ಹೋಟೆಲಿನ ಕಾರ್ಡು ನೋಡಿ ಪೊಲೀಸರು ಮಾಲೀಕರಿಗೆ ಫೋನ್ ಮಾಡಿದರು, ಮಾಲೀಕರು ನನಗೆ ಮಾಡಿದರು.

ಗುರುತು ಹೇಳಲು ನಾನು, ಗಂಡ, ಮಾಲೀಕರು, ಭಟ್ಟರು ಹೋದೆವು. ಅವನ ಮುಖಕ್ಕೆ ಏನೂ ಆಗಿರಲಿಲ್ಲ. ಭಟ್ಟರು ಬಾಗಿಲಾಚೆಯೇ ನಿಂತು, "ನಾನು ಕಲಿಸಿದ ಹುಡುಗ, ನಾನು ಕಲಿಸಿದ ಹುಡುಗ" ಅನ್ನುತ್ತಿದ್ದರು. ಅವನನ್ನು ಊರಿಗೆ ಕಳಿಸುವ ಏರ್ಪಾಡನ್ನು ಮಾಲೀಕರೂ ನಮ್ಮ ಕನ್ನಡದ ಕೆಲವು ಮನೆಯವರೂ ಸೇರಿ ಮಾಡಿದರು. ಹತ್ತು ವರ್ಷ ದಾಟಲಾರದೆ ಕೂತಿದ್ದ ಗಡಿಯನ್ನು ಅವನು ಹಾಗೆ ದಾಟಿದ.

ಅದಕ್ಕೂ ಮೊದಲು, ಮನೆಯವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಗೈಡಿಗೆ ಫೋನ್ ಮಾಡಿದೆ. ಅವನು ಬೆಳಿಗ್ಗೆಯೇ ಆ ಹಳ್ಳಿಗೆ ಹೋಗಿ ಅಂಗಡಿಯ ಫೋನಿನ ಬಳಿ ಅವಳ ಪಕ್ಕದಲ್ಲಿ ನಿಂತ. ನಾನು ಒಂದೊಂದೇ ವಾಕ್ಯ ಹೇಳಿದೆ, ಅವನು ಅವಳಿಗೆ ಹೇಳಿದ. ಯಾವ ರಸ್ತೆ, ಎಷ್ಟು ಹೊತ್ತಿಗೆ, ಮಳೆ ಇತ್ತು, ತಲೆಗೆ ಪೆಟ್ಟು. ಬಹಳ ಹೊತ್ತು ಬರೀ ಅಳು ಕೇಳಿಸಿತು. ನೋವಾಯಿತೇ ಎಂದು ಅವಳು ಕೇಳಿದಳು. ಇಲ್ಲ ಎಂದು ಬಾಯಿಗೆ ಬಂದಿತ್ತು. ತಡೆದುಕೊಂಡು, "ನನಗೆ ಗೊತ್ತಿಲ್ಲ" ಅಂದೆ.

ಕೊನೆಗೆ ಅವಳು ಏನೋ ಹೇಳಿದಳು. ಗೈಡು ಅದನ್ನು ಇಂಗ್ಲಿಷಿಗೆ ತರಲು ಸ್ವಲ್ಪ ತಡಮಾಡಿದ.

"ಒಂದೇ ಸಮಾಧಾನ ಎನ್ನುತ್ತಿದ್ದಾಳೆ. ಅಮ್ಮ ಹೋದದ್ದು ತಮ್ಮನಿಗೆ ಗೊತ್ತಾಗಲಿಲ್ಲ. ಆ ದುಃಖ ಒಂದಾದರೂ ಅವನಿಗೆ ತಪ್ಪಿತು. ನೀವು ಮಾತು ಉಳಿಸಿಕೊಂಡಿರಿ, ಅದಕ್ಕೆ ದೇವರು ನಿಮ್ಮನ್ನು ಚೆನ್ನಾಗಿಡಲಿ ಎನ್ನುತ್ತಿದ್ದಾಳೆ."

ಫೋನು ನನ್ನ ಕಿವಿಯಲ್ಲಿತ್ತು. ಅವನಿಗೆ ಗೊತ್ತಿತ್ತು ತಾಯೀ, ಎಂಟು ತಿಂಗಳು ಪ್ರತಿ ಭಾನುವಾರ ನಿನಗಾಗಿ ಗೊತ್ತಿಲ್ಲದವನ ಹಾಗೆ ಮಾತಾಡಿದ, ಎಂದು ಹೇಳಿಬಿಡಬೇಕೆನ್ನಿಸಿತು. ಅದನ್ನು ತಿಳಿಯುವ ಹಕ್ಕು ಅವಳಿಗೆ ಇತ್ತೋ ಏನೋ. ಆದರೆ ಹೇಳಬೇಡಿ ಎಂದು ಅವನು ಕೇಳಿಕೊಂಡಿದ್ದ. ನನ್ನಿಂದ ಅವನು ಕೇಳಿದ್ದು ಜೀವಮಾನದಲ್ಲಿ ಎರಡೇ ಸಂಗತಿ, ಅಮ್ಮನನ್ನು ನೋಡಿ ಬನ್ನಿ ಎಂಬ ಮೊದಲನೆಯದನ್ನು ನಾನು ಸುಳ್ಳು ಹೇಳಿ ಕೆಡಿಸಿದ್ದೆ.

"ಹೌದು" ಅಂದೆ. ಅದಕ್ಕೆ ಇನ್ನೇನನ್ನೂ ಸೇರಿಸಲಿಲ್ಲ.